ಪ್ರಯಾಣ ಕೆಟ್ಟಾಗ ರಸ್ತೆ ಯಾರದು?

ರಸ್ತೆಗಳ ಚರಿತ್ರೆಯನ್ನು ನಾವು ಸಾಮಾನ್ಯವಾಗಿ ಕಟ್ಟಿಸಿದವರ ಕಡೆಯಿಂದ ಓದುತ್ತೇವೆ. ಯಾವ ಅರಸು ಸಾಲುಮರ ನೆಡಿಸಿದ, ಯಾವ ದಿವಾನ ಸೇತುವೆ ಕಟ್ಟಿಸಿದ, ಯಾವ ಕಮಿಷನರ್ ಘಟ್ಟಕ್ಕೆ ದಾರಿ ಕಡಿಸಿದ ಎಂಬುದು ಶಾಸನಗಳಲ್ಲಿ, ಗೆಜೆಟಿಯರುಗಳಲ್ಲಿ ಸಿಗುತ್ತದೆ. ಆ ರಸ್ತೆಯಲ್ಲಿ ಹೊರಟ ಸಂಸಾರಗಳಿಗೆ ಏನಾಯಿತು ಎಂಬ ದಾಖಲೆ ಅಪರೂಪ. ಸಿಕ್ಕರೂ, ಎಣಿಸಿದಂತೆ ಹೊರಟು ಎಣಿಸಿದಂತೆ ಊರು ಮುಟ್ಟಿದವರ ಪ್ರಯಾಣದಿಂದ ಹೆಚ್ಚೇನೂ ತಿಳಿಯುವುದಿಲ್ಲ. ಬಂಡಿಗೆ ಬಾಡಿಗೆ ಕೊಡಬಲ್ಲವರು, ಬುತ್ತಿ ಕಟ್ಟಿಕೊಂಡವರು, ಮುಂದಿನ ಊರಿನಲ್ಲಿ ನೆಂಟರಿರುವವರು ಯಾರ ಹಂಗೂ ಇಲ್ಲದೆ ಹೋಗಿಬರುತ್ತಾರೆ. ಬಂಡಿ ಬಾರದಿದ್ದಾಗ, ನೆಂಟರು ಕಾಣದಿದ್ದಾಗ, ಕತ್ತಲಾದಾಗ ಮಾತ್ರ ಗುರುತಿಲ್ಲದವರ ಬಾಗಿಲು ತಟ್ಟಬೇಕಾಗುತ್ತದೆ. ಆ ಬಾಗಿಲು ಯಾರಿಗೆ ತೆರೆಯಿತು, ಯಾರಿಗೆ ತೆರೆಯಲಿಲ್ಲ ಎಂದು ಕೇಳಿದರೆ ರಸ್ತೆಯ ಬೇರೊಂದು ಚರಿತ್ರೆ ಹೊರಬೀಳುತ್ತದೆ. ಕೆಟ್ಟುಹೋದ ಪ್ರಯಾಣವೇ ರಸ್ತೆ ಯಾರದು ಎಂಬುದಕ್ಕೆ ನಂಬಬಹುದಾದ ಸಾಕ್ಷಿ ಎಂಬುದು ನನ್ನ ವಾದ. ಇದಕ್ಕೆ ಆಧಾರವಾಗಿ ಎರಡು ಕುಟುಂಬ ಪ್ರಯಾಣಗಳನ್ನು ಪಕ್ಕಪಕ್ಕ ಇಟ್ಟು ನೋಡಬಹುದು. ಎರಡೂ ಹೊರಟಿದ್ದು ನಮ್ಮ ನೆರೆಯ ಮರಾಠಿ ಸೀಮೆಯಿಂದ. ಎರಡರ ನಡುವೆ ಇರುವುದು 44 ವರ್ಷ. ಎರಡನ್ನೂ ಅನುಭವಿಸಿದವರೇ ಬರೆದಿಟ್ಟಿದ್ದಾರೆ.

ಮೊದಲನೆಯದು ವಿಷ್ಣುಭಟ್ ಗೋಡ್ಸೆ ಅವರದು. ಇಂದಿನ ರಾಯಗಡ ಜಿಲ್ಲೆಯ ವರ್ಸಯಿ ಎಂಬ ಊರಿನ ಈ ವೈದಿಕರ ಮನೆಯಲ್ಲಿ ಸಾಲ ಬೆಳೆದಿತ್ತು. ಸಿಂಧಿಯಾ ಮನೆತನದ ಬಾಯಿಜಾಬಾಯಿ ಮಥುರೆಯಲ್ಲಿ ದೊಡ್ಡ ಯಜ್ಞ ಮಾಡಿಸುತ್ತಾರೆ, ಬ್ರಾಹ್ಮಣರಿಗೆ ಕೈತುಂಬ ದಕ್ಷಿಣೆ ಸಿಗುತ್ತದೆ ಎಂಬ ಸುದ್ದಿ ಕೇಳಿ 1857ರಲ್ಲಿ ಅವರು ಚಿಕ್ಕಪ್ಪನ ಜೊತೆ ಉತ್ತರಕ್ಕೆ ಹೊರಟರು. ದಕ್ಷಿಣೆ ತಂದು ಸಾಲ ತೀರಿಸುವುದು, ಹಾಗೆಯೇ ತೀರ್ಥಯಾತ್ರೆಯನ್ನೂ ಮುಗಿಸುವುದು ಅವರ ಎಣಿಕೆ. ಮಹೂ ದಂಡಿನ ಹತ್ತಿರ ಬರುವ ಹೊತ್ತಿಗೆ ಸಿಪಾಯಿಗಳ ದಂಗೆಯ ಸುಳಿವು ಸಿಕ್ಕಿತು. ಹಿಂದಿರುಗದೆ ಮುಂದೆ ನಡೆದರು. ಮರುವರ್ಷ ಬ್ರಿಟಿಷ್ ಸೇನಾನಿ ಹ್ಯೂ ರೋಸನ ಸೈನ್ಯ ಝಾನ್ಸಿಗೆ ಮುತ್ತಿಗೆ ಹಾಕಿದಾಗ ಇವರು ಊರ ಒಳಗೇ ಇದ್ದರು. ಕೊಲೆ, ಬೆಂಕಿ, ಲೂಟಿ ಎಲ್ಲವನ್ನೂ ಕಣ್ಣಾರೆ ಕಂಡರು, ಕೂಡಿಸಿದ್ದ ಹಣ ಕಳೆದುಕೊಂಡರು. ಕೊನೆಗೆ ಗಂಗಾಜಲದ ಕಾವಡಿ ಹೊತ್ತು, ಸಾಲ ತೀರಿಸುವಷ್ಟು ದುಡ್ಡಿಲ್ಲದೆ ಊರಿಗೆ ಬಂದರು. ಎಷ್ಟೋ ವರ್ಷಗಳ ನಂತರ ಅವರು ಬರೆದ ‘ಮಾಝಾ ಪ್ರವಾಸ್’ 1907ರಲ್ಲಿ ಚಿಂತಾಮಣರಾವ್ ವೈದ್ಯರ ಮೂಲಕ ಅಚ್ಚಾಯಿತು. 1857ರ ಘಟನೆಗಳನ್ನು ನಮ್ಮ ಕಡೆಯ ಸಾಮಾನ್ಯನೊಬ್ಬ ಕಂಡಂತೆ ಹೇಳುವ ಪುಸ್ತಕಗಳು ಬೆರಳೆಣಿಕೆಯಷ್ಟು. ಇದು ಅವುಗಳಲ್ಲಿ ಒಂದು.

ಈ ಪುಸ್ತಕವನ್ನು ಚರಿತ್ರಕಾರರು ಝಾನ್ಸಿಯ ರಾಣಿಗಾಗಿ, ಮುತ್ತಿಗೆಯ ವಿವರಗಳಿಗಾಗಿ ಓದಿದ್ದಾರೆ. ರಸ್ತೆಯ ಚರಿತ್ರೆಗಾಗಿ ಓದಿದರೆ ಮತ್ತೊಂದು ಸಂಗತಿ ಎದ್ದು ಕಾಣುತ್ತದೆ. ಗೋಡ್ಸೆಯವರು ಕಳೆದುಕೊಂಡಿದ್ದು ಅಲ್ಪಸ್ವಲ್ಪವಲ್ಲ. ಜೀವವೇ ಹೋಗುವ ಗಳಿಗೆಗಳು ಬಂದವು. ಆದರೂ ಯುದ್ಧ ನಡೆಯುತ್ತಿದ್ದ ನಾಡಿನಲ್ಲಿ, ತಮ್ಮ ಭಾಷೆಯೂ ಅಲ್ಲದ ಸೀಮೆಯಲ್ಲಿ, ಉಳಿಯಲು ಒಂದು ಮನೆ, ಉಣ್ಣಲು ಒಂದು ಎಲೆ, ಮತ್ತೆ ನಾಲ್ಕು ಕಾಸು ಕೂಡಿಸಲು ಒಂದು ಅನುಷ್ಠಾನ ಅವರಿಗೆ ಸಿಗುತ್ತಿತ್ತು. ಪೇಶ್ವೆಯರ ಕಾಲದಿಂದ ಮಾಳವ, ಬುಂದೇಲಖಂಡಗಳಲ್ಲಿ ನೆಲೆಸಿದ್ದ ಮರಾಠಿ ಮನೆತನಗಳು ಅಲ್ಲಲ್ಲಿ ಇದ್ದವು. ಅಲ್ಲಿ ಇವರ ವೇದವಿದ್ಯೆಗೆ ಬೆಲೆ ಇತ್ತು, ಜಾತಿಗೆ ಗೌರವವಿತ್ತು. ದರೋಡೆಕೋರರು ಹಣದ ಗಂಟನ್ನು ಒಯ್ಯಬಹುದಿತ್ತು, ಈ ಎರಡನ್ನು ಒಯ್ಯುವಂತಿರಲಿಲ್ಲ. ಅವರ ಧೈರ್ಯ, ಸಹನೆಗಳನ್ನು ಕಿರಿದು ಮಾಡಲು ನಾನು ಈ ಮಾತು ಹೇಳುತ್ತಿಲ್ಲ. ಕೈಯಲ್ಲಿ ಕಾಸಿಲ್ಲದವನನ್ನೂ ಒಂದು ರಸ್ತೆ ಹೇಗೆ ಕಾಪಾಡಬಲ್ಲದು ಎಂಬುದಕ್ಕೆ ಅವರ ಪ್ರಯಾಣ ಉದಾಹರಣೆ.

ಎರಡನೆಯದು 1901ರದು. ಸಾತಾರಾದಲ್ಲಿ ಇದ್ದ ಮಕ್ಕಳಿಗೆ ತಂದೆಯಿಂದ ಕಾಗದ ಬಂತು: ಬೇಸಿಗೆ ರಜೆಗೆ ನನ್ನಲ್ಲಿಗೆ ಬನ್ನಿ. ತಂದೆ ರಾಮಜಿ ಸಕ್ಪಾಲ್, ಖಟಾವ್ ತಾಲ್ಲೂಕಿನಲ್ಲಿ ಬರಪರಿಹಾರಕ್ಕಾಗಿ ಸರಕಾರ ತೋಡಿಸುತ್ತಿದ್ದ ಕೆರೆಯ ಕಾಮಗಾರಿಯಲ್ಲಿ ಕ್ಯಾಷಿಯರ್ ಆಗಿದ್ದರು. ತಾಯಿ ತೀರಿಹೋಗಿದ್ದರು. ಹತ್ತು ವರ್ಷದ ಆಸುಪಾಸಿನ ಭೀಮರಾವ್, ಅವನ ಅಣ್ಣ ಸೇರಿದಂತೆ ಮನೆಯ ಮಕ್ಕಳು ಹೊಸ ಬಟ್ಟೆ, ಹೊಸ ಬೂಟು, ಹೊಳೆಯುವ ಟೋಪಿ ತೊಟ್ಟು, ಬುತ್ತಿ ಕಟ್ಟಿಸಿಕೊಂಡು ರೈಲು ಹತ್ತಿದರು. ಬರುವ ದಿನವನ್ನು ತಿಳಿಸಿ ಮೊದಲೇ ಕಾಗದ ಹಾಕಿದ್ದರು. ಮಸೂರ್ ಸ್ಟೇಷನ್ನಿನಲ್ಲಿ ಇಳಿದರೆ ಕರೆದೊಯ್ಯಲು ಯಾರೂ ಇಲ್ಲ. ಆ ಕಾಗದ ತಂದೆಯ ಕೈ ಸೇರಿರಲಿಲ್ಲ. ಒಳ್ಳೆಯ ಬಟ್ಟೆಯ ಮಕ್ಕಳನ್ನು ಕಂಡು ಸ್ಟೇಷನ್ ಮಾಸ್ತರರು ಅಕ್ಕರೆಯಿಂದ ವಿಚಾರಿಸಿದರು. ಮಹಾರ್ ಜಾತಿ ಎಂಬ ಉತ್ತರ ಕೇಳಿದ ಕೂಡಲೇ ಅವರ ಮುಖ ಬದಲಾಯಿತು. ಹೊರಗೆ ಬಾಡಿಗೆ ಗಾಡಿಗಳು ಬೇಕಾದಷ್ಟಿದ್ದವು, ಮಕ್ಕಳ ಹತ್ತಿರ ಹಣವೂ ಇತ್ತು, ಆದರೆ ಗಾಡಿಯವರು ಯಾರೂ ಒಪ್ಪಲಿಲ್ಲ. ಕೊನೆಗೆ ಕುದುರಿದ ಒಪ್ಪಂದ ಹೀಗಿತ್ತು: ಎರಡರಷ್ಟು ಬಾಡಿಗೆ ಕೊಡಬೇಕು, ಗಾಡಿಯನ್ನು ಮಕ್ಕಳೇ ಹೊಡೆಯಬೇಕು, ಗಾಡಿಯವನು ಪಕ್ಕದಲ್ಲಿ ನಡೆದು ಬರುತ್ತಾನೆ. ಬುತ್ತಿಯಲ್ಲಿ ಅನ್ನವಿತ್ತು, ಕುಡಿಯಲು ನೀರಿಲ್ಲ. ದಾರಿಯಲ್ಲಿ ಕಂಡ ನೀರು ಸೆಗಣಿ ಗಂಜಲ ಬೆರೆತ ಕೆಸರು. ನಡುರಾತ್ರಿ ಸುಂಕದ ಕಟ್ಟೆಗೆ ಬಂದಾಗ, ಮುಸಲ್ಮಾನರೆಂದು ಹೇಳಿ ನೀರು ಕೇಳಿ ಎಂದು ಗಾಡಿಯವನು ಹೇಳಿಕೊಟ್ಟ. ಉರ್ದು ಬಲ್ಲ ಭೀಮರಾವ್ ಹಾಗೆಯೇ ಕೇಳಿದ. ನೀರು ಸಿಗಲಿಲ್ಲ. ಅನ್ನವನ್ನು ಪಕ್ಕದಲ್ಲಿಟ್ಟುಕೊಂಡೇ ಮಕ್ಕಳು ಉಪವಾಸ ಮಲಗಿದರು. ಮರುದಿನ ತಂದೆ ಇದ್ದ ಊರು ಸೇರಿದ ಮೇಲೆ ತಿಳಿಯಿತು: ಆಳಿನ ಕೈಗೆ ಬಂದಿದ್ದ ಕಾಗದವನ್ನು ಅವನು ಒಡೆಯನಿಗೆ ತಲುಪಿಸಲು ಮರೆತಿದ್ದ. ಇದನ್ನು ಬಾಬಾಸಾಹೇಬ್ ಅಂಬೇಡ್ಕರ್ 1930ರ ದಶಕದಲ್ಲಿ ‘ವೇಟಿಂಗ್ ಫಾರ್ ಎ ವೀಸಾ’ ಎಂಬ ಸಣ್ಣ ಆತ್ಮಕಥನದಲ್ಲಿ ದಾಖಲಿಸಿದ್ದಾರೆ.

ಎರಡನ್ನೂ ಜೊತೆಗಿಟ್ಟರೆ ಕಾಣುವ ವಿಪರ್ಯಾಸ ಎದೆ ನಡುಗಿಸುವಂಥದು. ಗೋಡ್ಸೆಯವರಿಗೆ ಎದುರಾಗಿದ್ದು ಒಂದು ಯುದ್ಧ; ಮಕ್ಕಳಿಗೆ ಎದುರಾಗಿದ್ದು ತಲುಪದ ಒಂದು ಕಾಗದ. ಅಲ್ಲಿ ಹಣ ಹೋಗಿತ್ತು, ಇಲ್ಲಿ ಹಣ ಕೈಯಲ್ಲೇ ಇತ್ತು. ಅಲ್ಲಿ ಊರು ಹೊತ್ತಿ ಉರಿಯುತ್ತಿತ್ತು, ಇಲ್ಲಿ ಸರಕಾರ ಗಟ್ಟಿಯಾಗಿತ್ತು, ರೈಲು ಓಡುತ್ತಿತ್ತು, ತಂದೆ ಸರಕಾರಿ ಕೆಲಸದಲ್ಲಿದ್ದರು. ಆದರೂ ಅಷ್ಟು ದೊಡ್ಡ ಅನಾಹುತದಲ್ಲಿ ಸಿಕ್ಕವರಿಗೆ ಒಂದು ಎಲೆ ಊಟ ದೊರೆಯಿತು, ಇಷ್ಟು ಚಿಕ್ಕ ತೊಡಕಿನಲ್ಲಿ ಸಿಕ್ಕವರಿಗೆ ಒಂದು ಲೋಟ ನೀರು ದೊರೆಯಲಿಲ್ಲ. ಇದಕ್ಕೆ ಕಾರಣ ಗಾಡಿಯವನ, ಸುಂಕದವನ ಮನಸ್ಸಿನ ಕಾಠಿಣ್ಯವಷ್ಟೇ ಎಂದರೆ ವಿಷಯವನ್ನು ತೇಲಿಸಿದಂತೆ. ಜಾತಿವ್ಯವಸ್ಥೆ ಪ್ರತಿಯೊಬ್ಬನಿಗೂ ಅವನವನ ಊರಿನಲ್ಲಿ ಒಂದು ಜಾಗ ಗೊತ್ತುಮಾಡಿಟ್ಟಿತ್ತು. ಎಷ್ಟೇ ಅವಮಾನದ್ದಾದರೂ ಊರಾಚೆ ಒಂದು ಕೇರಿ, ಆ ಕೇರಿಗೊಂದು ನೀರಿನ ನೆಲೆ ಇರುತ್ತಿತ್ತು. ಸಾತಾರಾದ ಶಾಲೆಯಲ್ಲಿ ಬೇರೆ ಕೂರಬೇಕು, ಕ್ಷೌರಿಕ ಕೂದಲು ಕತ್ತರಿಸುವುದಿಲ್ಲ ಎಂಬುದು ಆ ಹುಡುಗನಿಗೆ ಮೊದಲೇ ಗೊತ್ತಿತ್ತು. ಆದರೂ ಈ ಪ್ರಯಾಣ ಹಿಂದೆಂದೂ ಕಾಣದ ಆಘಾತ ಕೊಟ್ಟಿತು ಎಂದು ಅವರೇ ಬರೆದಿದ್ದಾರೆ. ಯಾಕೆಂದರೆ ಊರು ಊರುಗಳ ನಡುವಿನ ರಸ್ತೆಯಲ್ಲಿ ಅವರಿಗೆಂದು ಬೇರೆ ಕೇರಿಯೂ ಇಲ್ಲ, ಬೇರೆ ಬಾವಿಯೂ ಇಲ್ಲ. ಇರುವುದೆಲ್ಲ ಬೇರೆಯವರದು. ಊರಿನಲ್ಲಿ ಅರೆಬರೆಯಾಗಿದ್ದ ಬಹಿಷ್ಕಾರ ರಸ್ತೆಯಲ್ಲಿ ಪೂರ್ತಿಯಾಗುತ್ತಿತ್ತು. ಇನ್ನೊಂದು ಕಡೆ ಗೋಡ್ಸೆಯವರ ಜಾಗ ಅವರ ಜೊತೆಯಲ್ಲೇ ಪ್ರಯಾಣ ಮಾಡುತ್ತಿತ್ತು. ಕೊಂಕಣದಿಂದ ಕಾಶಿಯವರೆಗೆ ಎಲ್ಲಿ ಹೋದರೂ ಅವರು ಯಾರೆಂಬುದು ಅವರ ಪರವಾಗಿ ಮಾತಾಡುತ್ತಿತ್ತು.

ಇದಕ್ಕೆ ಬರುವ ಮೊದಲ ಆಕ್ಷೇಪ ಗಂಭೀರವಾದದ್ದು, ಅದಕ್ಕೆ ಆಧಾರವೂ ಇದೆ. ನಮ್ಮ ನಾಡಿನಲ್ಲಿ ಅರವಟ್ಟಿಗೆ, ಛತ್ರ, ಅನ್ನಸತ್ರಗಳ ಪರಂಪರೆ ಸಾವಿರ ವರ್ಷಕ್ಕೂ ಹಳೆಯದು. ಅದನ್ನು ಎರಡು ಪ್ರಯಾಣಗಳಿಂದ ಅಳೆಯಬಹುದೇ? ಬಳ್ಳಿಗಾವಿಯ ಕೋಡಿಯಮಠದ 1162ರ ಶಾಸನವನ್ನು ನೋಡಬೇಕು. ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು, ಹಾಡುವವರು, ಕುಣಿಯುವವರು, ಬೇರೆ ಬೇರೆ ಪಂಥಗಳ ಸಂನ್ಯಾಸಿಗಳು, ನಾನಾ ದೇಶಗಳಿಂದ ಬಂದ ಭಿಕ್ಷುಕರು ಎಲ್ಲರಿಗೂ ಅಲ್ಲಿ ಅನ್ನ ಸಿಗುತ್ತದೆ, ರೋಗಿಗಳಿಗೆ ಮದ್ದು ಸಿಗುತ್ತದೆ ಎಂದು ಅದು ಎಣಿಸಿ ಹೇಳುತ್ತದೆ. 1279ರಲ್ಲಿ ಹೊಯ್ಸಳ ಮೂರನೆಯ ನರಸಿಂಹ, ಕಾಶಿಗೆ ಹೋದವರು ಅಲ್ಲಿ ತುರುಷ್ಕರಿಗೆ ಕಟ್ಟಬೇಕಾಗಿದ್ದ ತೆರಿಗೆಗಾಗಿ ಹೆಬ್ಬಾಲೆ ಗ್ರಾಮದ ವರ್ಷದ 645 ನಿಷ್ಕಗಳ ಹುಟ್ಟುವಳಿಯನ್ನು ಬಿಟ್ಟುಕೊಟ್ಟ. ಕನ್ನಡಿಗರಿಗಷ್ಟೇ ಅಲ್ಲ, ತೆಲುಗು, ತುಳು, ಮಲೆಯಾಳ ಸೀಮೆಗಳ ಯಾತ್ರಿಕರಿಗೂ ಅದು ಸಲ್ಲುತ್ತಿತ್ತು. ನೂರಾರು ಗಾವುದ ಆಚೆ ತನ್ನ ನಾಡಿನವರ ಯಾತ್ರೆ ಕೆಡಬಾರದು ಎಂದು ಒಬ್ಬ ಅರಸು ಚಿಂತಿಸಿದ್ದ. 1801ರಲ್ಲಿ ತಂಜಾವೂರಿನ ಸರಭೋಜಿ ತನ್ನ ಛತ್ರಗಳ ಬಗ್ಗೆ ಕಂಪನಿಯ ಅಧಿಕಾರಿಗೆ ಬರೆದ ಪತ್ರ ಇನ್ನೂ ಮುಂದೆ ಹೋಗುತ್ತದೆ. ಬ್ರಾಹ್ಮಣರಿಂದ ಹಿಡಿದು ಪರಯರವರೆಗೆ ದಾರಿಹೋಕರೆಲ್ಲರಿಗೂ ಅಲ್ಲಿ ಊಟವಿತ್ತು; ಕಾಯಿಲೆ ಬಿದ್ದವರಿಗೆ ಆರೈಕೆಯಿತ್ತು.

ಈ ದಾಖಲೆಗಳು ನಿಜ, ಅವುಗಳ ಹಿಂದಿನ ಕರುಣೆಯೂ ನಿಜ. ಕನ್ನಡಿಗರು ಅವುಗಳ ಬಗ್ಗೆ ಹೆಮ್ಮೆಪಡುವುದು ನ್ಯಾಯವೇ. ಆದರೆ ಅವು ಯಾವ ಪ್ರಶ್ನೆಗೆ ಉತ್ತರ ಕೊಡುತ್ತವೆ ಎಂಬುದನ್ನು ಗಮನಿಸಬೇಕು. ಶಾಸನ ಹೇಳುವುದು ದಾನಿ ಏನು ಕೊಡಲು ಬಯಸಿದ ಎಂಬುದನ್ನು. ದಾರಿಹೋಕನಿಗೆ ಏನು ಸಿಕ್ಕಿತು ಎಂಬುದನ್ನು ದಾರಿಹೋಕನೇ ಹೇಳಬೇಕು. ಅದೂ ಅಲ್ಲದೆ ಛತ್ರವೆಂಬುದು ರಸ್ತೆಯ ಒಂದು ಬಿಂದು. ಒಂದು ಛತ್ರದಿಂದ ಇನ್ನೊಂದಕ್ಕೆ ಹೋಗುವ ನಡುವೆ ಬಂಡಿ ಬೇಕು, ಬಾವಿ ಬೇಕು, ಮಳೆ ಬಂದರೆ ನಿಲ್ಲಲು ಜಗಲಿ ಬೇಕು. ಅವು ಯಾವುವೂ ದಾನಿಯ ಕೈಯಲ್ಲಿ ಇರಲಿಲ್ಲ. ಊರಿನ ಕಟ್ಟುಪಾಡಿನ ಕೈಯಲ್ಲಿದ್ದವು. ಮೂರನೆಯ ಮಾತು ಎಲ್ಲಕ್ಕಿಂತ ಮುಖ್ಯ. ದಾನ ಕೊಡುವವನ ಪುಣ್ಯಕ್ಕಾಗಿ ನಡೆಯುತ್ತದೆ, ಆದ್ದರಿಂದ ಪಡೆಯುವವನು ಅದನ್ನು ಹಕ್ಕಿನಿಂದ ಕೇಳುವಂತಿಲ್ಲ. ಕೋಡಿಯಮಠದಂಥ ಜಾಗದಲ್ಲಿ ಬಾಗಿಲು ತೆರೆದಿದ್ದರೆ ಅದು ಆ ಮಠದ ಹಿರಿಮೆ. ಇನ್ನೊಂದು ಕಡೆ ಮುಚ್ಚಿದ್ದರೆ ದೂರು ಹೇಳಲು ಯಾವ ಕಟ್ಟೆಯೂ ಇರಲಿಲ್ಲ. ಸುಂಕದ ಕಟ್ಟೆಯಲ್ಲಿ ನೀರು ಕೇಳಿದ ಹುಡುಗ ತನ್ನ ಜಾತಿಯನ್ನು ಮರೆಮಾಚಬೇಕಾಯಿತು ಎಂಬುದೇ ಹಕ್ಕು ಇಲ್ಲದವನ ಸ್ಥಿತಿಗೆ ಪುರಾವೆ.

ಎರಡನೆಯ ಆಕ್ಷೇಪ ಸಾಕ್ಷ್ಯದ ಅಳತೆಯದು. ಒಂದು ರಾತ್ರಿ, ಒಬ್ಬ ಗಾಡಿಯವ, ಒಬ್ಬ ಸುಂಕದವ. ಇಷ್ಟರಿಂದ ಒಂದು ಕಾಲದ ರಸ್ತೆಗಳ ಬಗ್ಗೆ ತೀರ್ಪು ಕೊಡಬಹುದೇ? ಒಂದೇ ಘಟನೆಯಾಗಿದ್ದರೆ ಕೊಡಬಾರದು. ಆದರೆ 1923ರ ಆಗಸ್ಟ್‌ನಲ್ಲಿ ಬೊಂಬಾಯಿ ಶಾಸನಸಭೆಯಲ್ಲಿ ಎಸ್. ಕೆ. ಬೋಲೆ ಒಂದು ಗೊತ್ತುವಳಿ ಮಂಡಿಸಬೇಕಾಯಿತು. ಸಾರ್ವಜನಿಕ ಹಣದಿಂದ ನಡೆಯುವ ನೀರಿನ ನೆಲೆ, ಬಾವಿ, ಧರ್ಮಶಾಲೆ, ಶಾಲೆ, ಕಚೇರಿ, ಔಷಧಾಲಯಗಳನ್ನು ಅಸ್ಪೃಶ್ಯರಿಗೆ ತೆರೆಯಬೇಕು ಎಂಬುದು ಅದರ ಸಾರ. ಎಲ್ಲೆಡೆ ಮುಚ್ಚಿರದ ಬಾಗಿಲನ್ನು ತೆರೆಯಿರಿ ಎಂದು ಶಾಸನಸಭೆಯೊಂದು ಗೊತ್ತುವಳಿ ಮಾಡುವುದಿಲ್ಲ. ಗೊತ್ತುವಳಿ ಕಾಗದದಲ್ಲೇ ಉಳಿದಿದ್ದರಿಂದ 1927ರ ಮಾರ್ಚ್ 20ರಂದು ಮಹಾಡದ ಚವದಾರ್ ಕೆರೆಯ ನೀರು ಕುಡಿಯಲು ಸಾವಿರಾರು ಜನ ಮೆರವಣಿಗೆ ಹೋಗಬೇಕಾಯಿತು. 1929ರಲ್ಲಿ ಅಂಬೇಡ್ಕರ್ ಸರಕಾರಿ ಸಮಿತಿಯ ಸದಸ್ಯರಾಗಿ ತನಿಖೆಗೆ ಹೋಗಿ ಚಾಳೀಸಗಾಂವಿನಲ್ಲಿ ಇಳಿದಾಗ ಟಾಂಗಾದವರು ಯಾರೂ ಅವರನ್ನು ಕೂರಿಸಿಕೊಳ್ಳಲಿಲ್ಲ. ಟಾಂಗಾ ಮಾತ್ರ ಬಾಡಿಗೆಗೆ ಸಿಕ್ಕಿತು. ಓಡಿಸಲು ಅಭ್ಯಾಸವಿಲ್ಲದವನು ಓಡಿಸಿದ. ಸೇತುವೆಯ ಮೇಲೆ ಅವರು ಕಲ್ಲಿಗೆ ಎಸೆಯಲ್ಪಟ್ಟು ಕಾಲು ಮುರಿಯಿತು. 1901ಕ್ಕೂ 1929ಕ್ಕೂ ನಡುವೆ ಆ ಹುಡುಗ ಕೊಲಂಬಿಯಾ, ಲಂಡನ್ ವಿಶ್ವವಿದ್ಯಾಲಯಗಳ ಡಾಕ್ಟರೇಟ್ ಪಡೆದಿದ್ದ, ಬ್ಯಾರಿಸ್ಟರ್ ಆಗಿದ್ದ. ರಸ್ತೆ ಮಾತ್ರ ಅದೇ ಉತ್ತರ ಕೊಟ್ಟಿತು: ಬೇಕಿದ್ದರೆ ನೀವೇ ಓಡಿಸಿಕೊಳ್ಳಿ.

ಇದು ನಮ್ಮ ದೇಶಕ್ಕಷ್ಟೇ ಸೇರಿದ ಕಥೆಯೂ ಅಲ್ಲ. ಅಮೆರಿಕದಲ್ಲಿ ಕಾರು ಮಧ್ಯಮವರ್ಗದ ಸಂಸಾರಗಳ ಕೈಗೆ ಬಂದು ರಜೆಯ ಪ್ರವಾಸ ಮನೆಮಾತಾದ ಕಾಲದಲ್ಲೇ, 1936ರಲ್ಲಿ, ನ್ಯೂಯಾರ್ಕಿನ ಹಾರ್ಲೆಮ್‌ನ ಅಂಚೆ ನೌಕರ ವಿಕ್ಟರ್ ಗ್ರೀನ್ ಕರಿಯ ಪ್ರಯಾಣಿಕರಿಗಾಗಿ ಒಂದು ಕೈಪಿಡಿ ತಂದರು. ಯಾವ ಹೋಟೆಲಿನಲ್ಲಿ ಕೋಣೆ ಕೊಡುತ್ತಾರೆ, ಎಲ್ಲಿ ಊಟ ಸಿಗುತ್ತದೆ, ಯಾವ ಗ್ಯಾರೇಜಿಗೆ ಹೋಗಬಹುದು ಎಂಬ ಪಟ್ಟಿ ಅದು. ಮೂವತ್ತು ವರ್ಷ ಅದು ಬೇಕಾಯಿತು. ಪ್ರಯಾಣಿಕರ ನಡುವೆ ಬಣ್ಣದ ಭೇದ ಮಾಡಬಾರದೆಂಬ ಕಾನೂನು 1964ರಲ್ಲಿ ಬಂದ ಮೇಲೆ ಪ್ರಕಟಣೆ ನಿಂತಿತು. ಬಿಳಿಯ ಕುಟುಂಬವೊಂದು ಮನಸ್ಸು ಬಂದ ಕಡೆ ತಿರುಗಬಹುದಿತ್ತು. ಕರಿಯ ಕುಟುಂಬ ಪ್ರತಿ ತಿರುವನ್ನೂ ಮೊದಲೇ ಎಣಿಸಬೇಕಿತ್ತು, ಊಟವನ್ನೂ ಹೊದಿಕೆಯನ್ನೂ ಕಾರಿನಲ್ಲೇ ತುಂಬಿಕೊಳ್ಳಬೇಕಿತ್ತು. ಸಾತಾರಾದ ಮಕ್ಕಳು ಕಾಗದ ಬರೆದು, ಬುತ್ತಿ ಕಟ್ಟಿ, ಹಣ ಇಟ್ಟುಕೊಂಡು ಹೊರಟಿದ್ದೂ ಇದೇ ಎಚ್ಚರಿಕೆಯಿಂದ. ರಸ್ತೆ ಯಾರಿಗೆ ಮುನಿದಿರುತ್ತದೋ ಅವರೇ ಹೆಚ್ಚು ಯೋಜನೆ ಹಾಕಬೇಕು, ಅವರಿಗೇ ಒಂದು ಸಣ್ಣ ತಪ್ಪೂ ದುಬಾರಿಯಾಗುತ್ತದೆ. ಎಲ್ಲ ಕಡೆಯೂ ಅನ್ಯಾಯದ ಲೆಕ್ಕ ಇದೇ.

ಮೂರನೆಯ ಆಕ್ಷೇಪ ಆಧುನಿಕತೆಯ ಪರವಾದದ್ದು: ರೈಲು, ಬಸ್ಸು, ಟಿಕೇಟು ಬಂದ ಮೇಲೆ ಈ ಸಮಸ್ಯೆ ತಾನಾಗಿ ಕರಗಲಿಲ್ಲವೇ? ಇದರಲ್ಲಿ ಅರ್ಧ ಸತ್ಯವಿದೆ. ಸಾತಾರಾದಿಂದ ಮಸೂರಿನವರೆಗೆ ಆ ಮಕ್ಕಳನ್ನು ಜಾತಿ ಕೇಳದೆ ಕರೆತಂದದ್ದು ರೈಲೇ. ಟಿಕೇಟು ಕೊಂಡವನಿಗೆ ಸೀಟು ಎಂಬ ನಿಯಮ ನಮ್ಮ ಸಮಾಜದಲ್ಲಿ ಮಾಡಿದ ಕೆಲಸವನ್ನು ಕಡಿಮೆ ಅಂದಾಜು ಮಾಡಬಾರದು. ಆದರೆ ರೈಲು ಇಳಿಸಿದ ಜಾಗದಿಂದ ಮನೆಯ ಬಾಗಿಲಿನವರೆಗಿನ ಕೊನೆಯ ಕೆಲವು ಮೈಲಿ ಹಳೆಯ ಕಟ್ಟುಪಾಡಿಗೇ ಸೇರಿತ್ತು. ಯಂತ್ರ ತನ್ನ ಹಳಿಯ ಉದ್ದಕ್ಕಷ್ಟೇ ಸಮಾನತೆ ತರಬಲ್ಲದು. ಮಿಕ್ಕದ್ದನ್ನು ತರಬೇಕಾದದ್ದು ಕಾನೂನು ಮತ್ತು ಮನಸ್ಸು.

ಕಾನೂನಿನ ಪಾಲನ್ನು ತರುವ ಹೊಣೆ ಅರ್ಧ ಶತಮಾನ ಕಳೆಯುವುದರೊಳಗೆ ಆ ಹುಡುಗನ ಹೆಗಲಿಗೇ ಬಂತು. ಸಂವಿಧಾನದ ಕರಡು ಸಮಿತಿಗೆ ಅಂಬೇಡ್ಕರ್ ಅಧ್ಯಕ್ಷರಾದರು. 15ನೇ ವಿಧಿಯ ಎರಡನೇ ಖಂಡವನ್ನು ದಾರಿಹೋಕನ ಕಣ್ಣಿನಿಂದ ಓದಿದರೆ ಅದರ ಅರ್ಥ ಇನ್ನೂ ನಿಚ್ಚಳವಾಗುತ್ತದೆ. ಅಂಗಡಿ, ಉಪಾಹಾರಗೃಹ, ಹೋಟೆಲು, ಬಾವಿ, ಕೆರೆ, ಸ್ನಾನಘಟ್ಟ, ರಸ್ತೆ, ಸಾರ್ವಜನಿಕರು ಸೇರುವ ಜಾಗ: ಇವು ಮನೆ ಬಿಟ್ಟು ಹೊರಟ ಒಂದು ಕುಟುಂಬಕ್ಕೆ ದಾರಿಯಲ್ಲಿ ಬೇಕಾಗುವ ವಸ್ತುಗಳ ಪಟ್ಟಿಯಂತಿವೆ. ಆ ಪಟ್ಟಿಯನ್ನು ಅವರೊಬ್ಬರೇ ಬರೆದರೆಂದು ಹೇಳುವುದು ತಪ್ಪಾಗುತ್ತದೆ. ಅದು ಮೂಲಭೂತ ಹಕ್ಕುಗಳ ಕುರಿತ ಚರ್ಚೆಗಳಲ್ಲಿ ಅನೇಕರ ಕೈಯಿಂದ ರೂಪುಗೊಂಡದ್ದು. ಅಂಥ ಪಟ್ಟಿ ಬೇಕೆಂದು ಅನೇಕರಿಗೆ ಅನಿಸಿದ್ದೇ ಅದನ್ನು ಅಗತ್ಯವಾಗಿಸಿದ ಅನುಭವ ಎಷ್ಟು ವ್ಯಾಪಕವಾಗಿತ್ತು ಎಂಬುದಕ್ಕೆ ಸಾಕ್ಷಿ. 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದುಮಾಡಿತು. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆ ಧರ್ಮಶಾಲೆ, ಸರಾಯಿ, ಮುಸಾಫಿರಖಾನೆ, ಅಲ್ಲಿನ ಪಾತ್ರೆಪಡಗ, ಸಾರ್ವಜನಿಕ ವಾಹನ ಎಲ್ಲವನ್ನೂ ಹೆಸರಿಸಿ, ಇವುಗಳಲ್ಲಿ ಅಡ್ಡಿ ಮಾಡುವುದನ್ನು ಅಪರಾಧವಾಗಿಸಿತು. ಕೋಡಿಯಮಠದ ಶಾಸನ ದಾನಿಯ ಪುಣ್ಯವಾಗಿ ಎಣಿಸಿದ್ದನ್ನು ಈ ಕಾನೂನು ಪಡೆಯುವವನ ಹಕ್ಕಾಗಿ ಎಣಿಸಿತು. ನಮ್ಮ ರಸ್ತೆಗಳ ದೀರ್ಘ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ತಿರುವು ನನಗೆ ಕಾಣುವುದಿಲ್ಲ.

ಇಷ್ಟಾದರೂ ಕಥೆ ಮುಗಿದಿಲ್ಲ. 2022ರ ನವೆಂಬರ್‌ನಲ್ಲಿ ಚಾಮರಾಜನಗರ ತಾಲ್ಲೂಕಿನ ಹೆಗ್ಗೊಠಾರದಲ್ಲಿ, ಮದುವೆಗೆಂದು ಹೊರಗಿನಿಂದ ಬಂದಿದ್ದ ದಲಿತ ಮಹಿಳೆಯೊಬ್ಬರು ಬೀದಿಯ ತೊಂಬೆಯ ನಲ್ಲಿಯಿಂದ ನೀರು ಕುಡಿದರೆಂದು, ತೊಂಬೆಯ ನೀರನ್ನೆಲ್ಲ ಹರಿಯಬಿಟ್ಟು ಗಂಜಲ ಹಾಕಿ ತೊಳೆದರು. ಆ ಊರಿನವರೇ ಆದ ದಲಿತರಿಗೆ ಯಾವ ನಲ್ಲಿ ಯಾರದೆಂಬುದು ಗೊತ್ತಿರುತ್ತಿತ್ತು. ಬಾಯಾರಿದ ನೆಂಟರಿಗೆ ಗೊತ್ತಿರಲಿಲ್ಲ. ಊರಿನ ಒಳಗಿನವರು ಹೊಂದಿಕೊಂಡು ಹೋಗುವ ಅನ್ಯಾಯವನ್ನು ಹೊರಗಿನಿಂದ ಬಂದವರ ಬಾಯಾರಿಕೆ ಬಯಲಿಗೆಳೆಯಿತು. 1901ರಲ್ಲಿ ಆದದ್ದೂ ಇದೇ. ಸುದ್ದಿ ಹರಡಿದ ಮೇಲೆ ಅಧಿಕಾರಿಗಳು ಬಂದು ದಲಿತರಿಂದ ಎಲ್ಲ ತೊಂಬೆಗಳ ನೀರನ್ನೂ ಕುಡಿಸಿದರು. ಹಕ್ಕು ಎಂಬುದೊಂದು ಇದ್ದುದರಿಂದ ಕೇಳಲು ಕಟ್ಟೆಯಾದರೂ ಇತ್ತು ಎಂಬ ವ್ಯತ್ಯಾಸವನ್ನು ಒಪ್ಪಿಕೊಳ್ಳೋಣ; ಕೇಳಬೇಕಾದ ಪರಿಸ್ಥಿತಿ ಉಳಿದಿದೆ ಎಂಬುದನ್ನೂ ಮರೆಯದಿರೋಣ.

ಇಂದು ಕುಟುಂಬದೊಡನೆ ಕಾರಿನಲ್ಲಿ ಹೊರಡುವ ಬಹುಪಾಲು ಜನರಿಗೆ ಈ ಚರಿತ್ರೆ ದೂರದ್ದೆನಿಸಬಹುದು. ಮಳೆಗಾಲದಲ್ಲಿ ಶಿರಾಡಿಯಲ್ಲೋ ಚಾರ್ಮಾಡಿಯಲ್ಲೋ ಗುಡ್ಡ ಕುಸಿದು ವಾಹನಗಳು ಸಾಲುಗಟ್ಟಿ ನಿಂತಾಗ ಅದು ಹತ್ತಿರ ಬರುತ್ತದೆ. ಕಾರಿನಲ್ಲಿ ಹಣವಿರುವ ಸಂಸಾರ ಹಿಂದಿರುಗಿ ಲಾಡ್ಜು ಹಿಡಿಯುತ್ತದೆ. ಲಾರಿಯ ಕ್ಲೀನರು, ಬಸ್ಸಿನಲ್ಲಿ ಮಗು ಎತ್ತಿಕೊಂಡ ತಾಯಿ, ಕೂಲಿಗೆ ವಲಸೆ ಹೊರಟ ಕುಟುಂಬ ಎಲ್ಲಿ ನೀರು ಕುಡಿಯಬೇಕು, ಎಲ್ಲಿ ಶೌಚಕ್ಕೆ ಹೋಗಬೇಕು? ಹೆದ್ದಾರಿಯನ್ನು ನಾವು ಎಷ್ಟು ಪಥ, ಎಷ್ಟು ವೇಗ, ಎಷ್ಟು ಟೋಲ್ ಎಂದು ಅಳೆಯುತ್ತೇವೆ. ಎಲ್ಲವೂ ಸರಿಯಾಗಿ ನಡೆದಾಗಿನ ಅಳತೆಗಳು ಇವು. ಚರಿತ್ರೆ ಕಲಿಸುವ ಅಳತೆ ಬೇರೆ: ಎಣಿಕೆ ತಪ್ಪಿದ ರಾತ್ರಿ, ಎಲ್ಲರಿಗಿಂತ ಕಡಿಮೆ ಬಲವುಳ್ಳ ಪ್ರಯಾಣಿಕನಿಗೆ, ಜಾತಿ ಹೇಳದೆ, ಕೈಚಾಚದೆ, ನೀರೂ ನೆರಳೂ ಸಿಗುತ್ತದೆಯೇ? ಸಿಗುವಂತೆ ಮಾಡುವುದು ಅರವಟ್ಟಿಗೆ ಇಟ್ಟವರ ವಂಶದವರೆಂದು ಹೇಳಿಕೊಳ್ಳುವ ನಮ್ಮ ಸರಕಾರಗಳ ಮತ್ತು ನಮ್ಮೆಲ್ಲರ ಕರ್ತವ್ಯ. ಘಟ್ಟದ ಬುಡದಲ್ಲಿ ಒಂದು ತಂಗುದಾಣ, ಪ್ರತಿ ಟೋಲ್ ಕಟ್ಟೆಯಲ್ಲಿ ಎಲ್ಲರಿಗೂ ತೆರೆದ ನಲ್ಲಿ ಮತ್ತು ಶೌಚಾಲಯ, ಪ್ರತಿ ಊರಿನಲ್ಲಿ ಯಾರದೆಂದು ಯಾರೂ ಕೇಳದ ನೀರಿನ ತೊಂಬೆ: ಇವು ಇಲ್ಲದ ರಸ್ತೆ ಎಷ್ಟು ಅಗಲವಾಗಿದ್ದರೂ, ಅದು ಇನ್ನೂ ಎಲ್ಲರ ರಸ್ತೆಯಾಗಿಲ್ಲ.